ಪದಕಕ್ಕೆ ಮುಖ ಯಾವುದು

ನಮ್ಮ ಸೋದರಮಾವನನ್ನು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಒಟ್ಟು ಹನ್ನೊಂದು ಮನೆಗಳಿಂದ ಹೊರಗೆ ಹಾಕಿದ್ದಾರೆ. ಕಾರಣ, ಹೆಂಗಸರ ಕೊರಳನ್ನು ದಿಟ್ಟಿಸಿ ನೋಡಿದ್ದು! ನೀವು ಏನೇನೋ ಕಲ್ಪಿಸಿಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ, ಮಾವ ಅಪ್ಪಟ ಸಂಭಾವಿತರು. ಅವರು ನೋಡುವುದು ಕೊರಳನ್ನಲ್ಲ, ಕೊರಳಲ್ಲಿ ತೂಗುವ ಪದಕವನ್ನು. ಅದೂ ಎಲ್ಲ ಪದಕಗಳನ್ನಲ್ಲ. ಮಹಾರಾಜರ ಕಾಲದಲ್ಲಿ ದನಗಳ ಪ್ರದರ್ಶನ, ಬೆಳೆಗಳ ಪ್ರದರ್ಶನ ಎಂದು ನಡೆಯುತ್ತಿದ್ದವಲ್ಲ, ಅಲ್ಲಿ ಒಳ್ಳೆಯ ಹೋರಿಗೆ, ಒಳ್ಳೆಯ ರಾಗಿಗೆ, ಒಳ್ಳೆಯ ಹೊಗೆಸೊಪ್ಪಿಗೆ ಬಹುಮಾನವಾಗಿ ಕೊಡುತ್ತಿದ್ದ ಬೆಳ್ಳಿಯ, ಕಂಚಿನ ಪದಕಗಳನ್ನು ಮಾತ್ರ. ಅಂಥ ಪದಕ ರೈತರ ಮನೆಯಲ್ಲಿ ಗಾಜಿನ ಬೀರುವಿನೊಳಗೆ ಕೂತಿರುತ್ತದೆಯೇ? ಮೇಲೊಂದು ಕೊಂಡಿ ಬೆಸೆಸಿ ಹೆಂಡತಿಯ ಕೊರಳಿಗೋ, ಮಗುವಿನ ಉಡಿದಾರಕ್ಕೋ, ಸಂಕ್ರಾಂತಿಯ ದಿನ ಎತ್ತಿನ ಹಣೆಗೋ ಕಟ್ಟಿರುತ್ತಾರೆ. ಮಾವ ಪಾಪ ಏನು ಮಾಡಿಯಾರು!

ಹನ್ನೊಂದು ಮನೆ ಎಂದೆನಷ್ಟೆ? ನಾನು ಬರೆಯಲು ಕೂತದ್ದು ಹನ್ನೆರಡನೆಯ ಮನೆಯ ಕಥೆಯನ್ನು. ಆದರೆ ಅಲ್ಲಿಗೆ ನೇರವಾಗಿ ಹೋಗಲಾರೆ. ಮಾವನ ಜೊತೆ ಹೊರಟವರು ಯಾರೂ ಇದುವರೆಗೆ ಎಲ್ಲಿಗೂ ನೇರವಾಗಿ ಹೋದದ್ದಿಲ್ಲ.

ಮಾವ ಬಸ್ ಕಂಡಕ್ಟರಾಗಿದ್ದವರು. ಹುಣಸೂರಿನಿಂದ ಹೊರಡುವ ಬಸ್ಸುಗಳಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದು ನಿವೃತ್ತರಾದರು. ಈಗಲೂ ಮನೆಗೆ ನಾಲ್ಕು ಜನ ನೆಂಟರು ಒಟ್ಟಿಗೆ ಬಂದರೆ ಬಾಗಿಲಲ್ಲಿ ನಿಂತು, ಒಳಗೆ ಹೋಗಿ, ಮಧ್ಯದಲ್ಲಿ ಜಾಗ ಇದೆ ಅನ್ನುತ್ತಾರೆ. ಯಾವ ನಾಣ್ಯ ಸವೆದಿದೆ, ಯಾವುದು ಖೋಟಾ ಎಂಬುದನ್ನು ಅವರ ಹೆಬ್ಬೆರಳು ಕಣ್ಣಿಗಿಂತ ಮೊದಲೇ ಹೇಳುತ್ತಿತ್ತಂತೆ. ಒಂದು ಸಂತೆಯ ದಿನ, ಉಸಿರಾಡಲೂ ಜಾಗವಿಲ್ಲದ ಬಸ್ಸಿನಲ್ಲಿ, ಯಾರೋ ಮುದುಕರು ರೂಪಾಯಿ ಎಂದುಕೊಂಡು ಅವರ ಕೈಗೆ ಏನನ್ನೋ ಇಟ್ಟರು. ಹೆಬ್ಬೆರಳು ಬೆಚ್ಚಿತು. ನೋಡಿದರೆ ನಾಣ್ಯದ ಮೇಲೆ ಒಂದು ಹೋರಿ ನಿಂತಿದೆ! ಅಷ್ಟರಲ್ಲಿ ಮುದುಕರು ಇಳಿದುಹೋಗಿದ್ದರು. ಮಾವ ತಮ್ಮ ಜೇಬಿನ ರೂಪಾಯಿಯನ್ನು ಚೀಲಕ್ಕೆ ಹಾಕಿ, ನಾಲ್ಕು ತಿಂಗಳು ಆ ಮುದುಕರನ್ನು ಹುಡುಕಿ, ಪದಕವನ್ನು ಹಿಂತಿರುಗಿಸಿ ಬಂದರು. ಕೊಡುವ ಮೊದಲು ಅದರ ಮೇಲೆ ತೆಳುವಾದ ಕಾಗದ ಹಾಸಿ, ಪೆನ್ಸಿಲ್ ಉಜ್ಜಿ, ಅಚ್ಚು ತೆಗೆದಿಟ್ಟುಕೊಂಡರು. ಹುಚ್ಚು ಹಿಡಿದದ್ದು ಅಲ್ಲಿಂದ.

ಅಂದಿನಿಂದ ಇಂದಿನವರೆಗೆ ಮಾವ ನೂರಾರು ಪದಕಗಳನ್ನು ನೋಡಿದ್ದಾರೆ. ಅವರ ಬಳಿ ಒಂದೇ ಒಂದು ಪದಕವಿಲ್ಲ! ಇರುವುದೆಲ್ಲ ಪೆನ್ಸಿಲ್ ಅಚ್ಚುಗಳು. ಮತ್ತೆ ಒಂದು ಗಡಿಯಾರ ರಿಪೇರಿಯವರ ಮಸೂರ, ಅಕ್ಕಸಾಲಿಗರ ಪುಟ್ಟ ತಕ್ಕಡಿ, ದರ್ಜಿಯ ಟೇಪು, ಒಂದು ಟಾರ್ಚು. ಟಾರ್ಚನ್ನು ನೇರವಾಗಿ ಬಿಡಬಾರದಂತೆ, ಓರೆಯಾಗಿ ಬಿಟ್ಟರೆ ಸವೆದ ಅಕ್ಷರವೂ ನೆರಳು ಹಿಡಿದು ಎದ್ದು ಬರುತ್ತದಂತೆ. ಕಂಡದ್ದನ್ನು ಬರೆದಿಡುವ ನೋಟ್‌ಬುಕ್ಕಿನಲ್ಲಿ ಕಂಡಕ್ಟರುಗಳು ಟಿಕೆಟ್ಟಿನ ಲೆಕ್ಕ ಬರೆಯುವ ವೇ ಬಿಲ್ಲಿನ ಹಾಗೆ ಗೆರೆ ಎಳೆದುಕೊಂಡಿದ್ದಾರೆ: ಹತ್ತಿದ ಸ್ಥಳ, ಇಳಿದ ಸ್ಥಳ, ಲಗೇಜು. ಹತ್ತಿದ್ದು ಎಂದರೆ ಪದಕ ಕೊಟ್ಟ ಪ್ರದರ್ಶನ. ಇಳಿದದ್ದು ಎಂದರೆ ಈಗ ಅದಿರುವ ಮನೆ. ಲಗೇಜು ಎಂದರೆ ಆ ಪದಕದ ಜೊತೆಗೆ ಮನೆಯವರು ಹೊತ್ತುಕೊಂಡು ಬಂದ ಕಥೆ. ಎಷ್ಟೋ ಪದಕಗಳಿಗೆ ಪ್ರಯಾಣಿಕನಿಗಿಂತ ಲಗೇಜೇ ಭಾರ ಎಂದು ಮಾವ ಗೊಣಗುತ್ತಾರೆ.

ಇನ್ನೊಂದು ಕಾಯಿಲೆ ಇದೆ. ಮಾವನ ಪ್ರಕಾರ ಪ್ರತಿ ಪದಕಕ್ಕೂ ಒಂದು ಮುಖ, ಒಂದು ಬೆನ್ನು. ಚಿತ್ರವಿರುವುದು ಮುಖ, ಬರೀ ಬರಹವೋ ಬಯಲೋ ಇರುವುದು ಬೆನ್ನು. ಬೆನ್ನು ಹೊರಗಾಗಿ ಪದಕ ಹಾಕಿಕೊಂಡವರನ್ನು ಕಂಡರೆ ಅವರಿಗೆ ತಡೆಯಲಾಗುವುದಿಲ್ಲ. ಗುರುತಿಲ್ಲದವರ ಮದುವೆಯಲ್ಲಿ ಗುರುತಿಲ್ಲದ ಹೆಂಗಸಿನ ಎದುರು ನಿಂತು, ತಾಯಿ, ತಿರುಗಿದೆ, ಸರಿ ಮಾಡಿಕೊಳ್ಳಿ ಎಂದುಬಿಡುತ್ತಾರೆ. ಆ ಹನ್ನೊಂದು ಮನೆಗಳಲ್ಲಿ ಅರ್ಧ ಈ ಲೆಕ್ಕದಲ್ಲೇ ಹೋದವು.

ಅತ್ತೆಗೆ ಇದೆಲ್ಲ ಸುತರಾಂ ಆಗದು. "ಬಸ್ಸಲ್ಲಿದ್ದಾಗ ಚಿಲ್ರೆ ಕೊಡಿ ಅಂತ ಜನದ ಮೇಲೆ ಜಗಳ, ಈಗ ಚಿಲ್ರೆ ತೋರ್ಸಿ ಅಂತ ಜಗಳ" ಎಂದು ನನ್ನೆದುರು ಹಲುಬುತ್ತಾರೆ. ಅತ್ತೆಯದು ಬೇರೆಯೇ ವಿದ್ಯೆ. ಬೀದಿಯಲ್ಲಿ ಮದುವೆ, ತಿಥಿ, ಏನೇ ಮುಗಿಯಲಿ, ಹತ್ತಾರು ಮನೆಗಳಿಂದ ಎರವಲು ತಂದ ಪಾತ್ರೆಗಳನ್ನು ಅವರವರ ಮನೆಗೆ ಸೇರಿಸುವುದು ಅವರ ಕೆಲಸ. ಪಾತ್ರೆಯ ಮೇಲೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿರುತ್ತಾನಲ್ಲ, ಅದು ಮಸಿ ಹಿಡಿದು ಮುಚ್ಚಿಹೋಗಿದ್ದರೂ ಅತ್ತೆ ಹೆಬ್ಬೆರಳು ಆಡಿಸಿ, ಇದು ಇಂಥವರದು, ಇದು ಅವರ ಸೊಸೆಯ ತವರಿನದು ಎಂದು ಹೇಳಿಬಿಡುತ್ತಾರೆ. ಇದನ್ನು ನಾವು ಯಾರೂ ವಿದ್ಯೆ ಎಂದು ಎಣಿಸಿಯೇ ಇರಲಿಲ್ಲ.

ಒಮ್ಮೆ ರಾವಂದೂರಿನ ಕಡೆ ಒಂದು ಮನೆಗೆ ಹೋದೆವು. ಸಾರಥಿ ನಾನು, ರಥ ನನ್ನ ಹಳೆಯ ಕಾರು. ಆ ಮನೆಯ ದೇವರಕೋಣೆಯಲ್ಲಿ ಮೂರು ತಲೆಮಾರಿನಿಂದ ಒಂದು ಬೆಳ್ಳಿಯ ಲಕ್ಷ್ಮಿಗೆ ಪೂಜೆ ನಡೆಯುತ್ತಿತ್ತು. ತೆನೆಯ ಕಟ್ಟು ಹಿಡಿದು ನಿಂತ ಹೆಂಗಸು. ಶುಕ್ರವಾರ ಶುಕ್ರವಾರ ಹುಣಿಸೆಹಣ್ಣು ಹಾಕಿ ಉಜ್ಜಿದ್ದರಿಂದ ದೇವಿಯ ಮೂಗು ಎಂದೋ ಸವೆದುಹೋಗಿತ್ತು. ಮಾವ ಕೈಮುಗಿದು, ಕುಂಕುಮ ಒರೆಸಿ, ಟಾರ್ಚು ಓರೆ ಹಿಡಿದು ಬೆನ್ನಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದರು. ಮನೆಯ ಯಜಮಾನರು ಕಾಫಿ ಲೋಟ ಹಿಡಿದು ಕಾಯುತ್ತಿದ್ದರು.

"ಉತ್ತಮ ಗೊಬ್ಬರದ ಗುಂಡಿಗೆ ಎರಡನೇ ಬಹುಮಾನ" ಎಂದರು ಮಾವ.

ಕಾಫಿ ಲೋಟ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಯಜಮಾನರ ಮುಖ ನೋಡುವ ಹಾಗಿರಲಿಲ್ಲ. ಮೂರು ತಲೆಮಾರು ಮಂಗಳಾರತಿ ಎತ್ತಿದ್ದು ತಿಪ್ಪೆಗೆ ಎಂದರೆ ಯಾರಿಗೆ ತಾನೆ ಸಂಕಟವಾಗದು? ನಾನು ಕಾರಿನ ಕೀಲಿ ತೆಗೆದುಕೊಂಡೆ. ಆಗ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವರ ತಾಯಿ ತಲೆಯನ್ನೂ ಎತ್ತದೆ, "ಹಬ್ಬದಲ್ಲಿ ತಿಪ್ಪೆಗೂ ಪೂಜೆ ಮಾಡಕಿಲ್ವ? ಅದ್ಕೇ ಕಣ್ಲಾ ನಮ್ಮನೇಲಿ ರಾಗಿ ಯಾವತ್ತೂ ತೀರ್ನಿಲ್ಲ. ಕಾಪಿ ಕೊಡು ಅವ್ರಿಗೆ" ಎಂದರು. ಲೋಟ ಮತ್ತೆ ಬಂತು, ಸ್ವಲ್ಪ ಆರಿತ್ತು.

ಎಲ್ಲ ಮನೆಗಳಲ್ಲೂ ಇಂಥ ತಾಯಂದಿರು ಇರುವುದಿಲ್ಲ. ಹೆಗ್ಗಡದೇವನಕೋಟೆಯ ಆಚೆ, ಕಾಡಂಚಿನ ಒಂದು ಊರಿನಲ್ಲಿ ಒಬ್ಬರು ತಮ್ಮ ತಾತ ಬರಿಗೈಯಲ್ಲಿ ಹುಲಿ ಕೊಂದದ್ದಕ್ಕೆ ಮಹಾರಾಜರು ಕೊಟ್ಟ ಪದಕ ಎಂದು ನಮ್ಮನ್ನು ಕರೆಸಿಕೊಂಡರು. ಹುಲಿಯ ಚಿತ್ರವೇ ಇದೆಯಂತೆ. ಹಿತ್ತಿಲಲ್ಲಿ ನಮಗಾಗಿ ಒಂದು ಕೋಳಿಯನ್ನು ಹಿಡಿದಿದ್ದೂ ಆಗಿತ್ತು. ಮಾವ ಮಸೂರ ಇಟ್ಟು ಬಹಳ ಹೊತ್ತು ನೋಡಿದರು. "ಯಜಮಾನ್ರೇ, ಈ ಹುಲಿಗೆ ಕೊಂಬೈತಲ್ಲ" ಎಂದರು.

"ಆಗಿನ ಕಾಲದ ಹುಲಿಗೆ ಇದ್ರೂ ಇರಬೌದು ಕಣ್ರೀ" ಎಂದರು ಯಜಮಾನರು.

ಅದು ಟಗರು. ಕುರಿ ಸಾಕಣೆಗೆ ಕೊಟ್ಟ ಪದಕ. ಹಿತ್ತಿಲಿಗೆ ಬಂದಿದ್ದ ಕತ್ತಿ ಅಡಿಗೆಮನೆಗೆ ವಾಪಸಾಯಿತು; ಆ ಕೋಳಿಯ ಪಾಲಿಗೆ ಮಾವ ದೇವರಾದರು. ಹಸಿದ ಹೊಟ್ಟೆಯಲ್ಲಿ ಕಾರು ಓಡಿಸುತ್ತಾ ನಾನು ಸಿಟ್ಟಿನಿಂದಲೇ ಕೇಳಿದೆ, ಹುಲಿ ಎಂದು ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು. ಮಾವ ಕಿಟಕಿಯಾಚೆ ನೋಡುತ್ತಾ, "ಮೂವತ್ತು ವರ್ಸದಲ್ಲಿ ಒಂದು ಸುಳ್ಳು ಟಿಕೆಟ್ ಹರಿದಿಲ್ಲ ಕಣ್ಲಾ. ಈಗ ಹರಿಯಾದಾ?" ಎಂದರು. ಇದ್ದದ್ದನ್ನು ಇದ್ದ ಹಾಗೆ ಹೇಳುವವರು ಎಂಬ ಈ ಖ್ಯಾತಿ ಊರೂರು ಹಬ್ಬಿತ್ತು. ಅದೇ ಖ್ಯಾತಿ ಅವರ ಕುತ್ತಿಗೆಗೆ ಬಂದದ್ದು ಹನ್ನೆರಡನೆಯ ಮನೆಯಲ್ಲಿ.

ಕಳೆದ ವರ್ಷದ ಮಾತು. ಅತ್ತೆ ಒಂದು ಭರಣಿ ಉಪ್ಪಿನಕಾಯಿ ಕೊಟ್ಟು, ಕೆ.ಆರ್. ನಗರದಲ್ಲಿರುವ ನಮ್ಮ ಅಮ್ಮನಿಗೆ ತಲುಪಿಸಿ ಎಂದು ಮಾವನನ್ನು ಬಸ್ಸಿಗೆ ಕಳಿಸಿದ್ದರು. ಹುಣಸೂರಿನ ಬಸ್ ನಿಲ್ದಾಣದಲ್ಲಿ ಒಬ್ಬ ಅಜ್ಜಿ ಕರಿದಾರದಲ್ಲಿ ಪೋಣಿಸಿದ ದೊಡ್ಡ ಪದಕ ಹಾಕಿಕೊಂಡು ಬೇರೆ ಬಸ್ಸು ಹತ್ತುವುದನ್ನು ಮಾವ ಕಂಡರು. ಇನ್ನು ಕೆ.ಆರ್. ನಗರವೆಲ್ಲಿ, ಉಪ್ಪಿನಕಾಯಿಯೆಲ್ಲಿ! ಅಜ್ಜಿ ಇಳಿದ ಕಡೆ ತಾವೂ ಇಳಿದು, ಗಾವಡಗೆರೆಯ ಹತ್ತಿರದ ಆ ಊರಿನಲ್ಲಿ ಅಜ್ಜಿಯ ಹಿಂದೆಯೇ ನಡೆದು, ಜಗಲಿಯ ಮೇಲೆ ಕೂತ ಅಜ್ಜಿಯ ಕೊರಳಿನತ್ತ ಮಸೂರ ಹಿಡಿದು ಬಗ್ಗಿದರು. ಬೀದಿಯವರೆಲ್ಲ ಸೇರಲು ಎಷ್ಟು ಹೊತ್ತು? ಯಾರೋ ಮಾವನ ಫೋನಿನಿಂದಲೇ ನನಗೆ ಕರೆ ಮಾಡಿ, ನಿಮ್ಮ ಕಡೆಯವರೊಬ್ಬರನ್ನು ಕೂರಿಸಿಕೊಂಡಿದ್ದೇವೆ, ಬಂದು ಬಿಡಿಸಿಕೊಂಡು ಹೋಗಿ ಎಂದರು. ಅತ್ತೆಯನ್ನು ಕೂರಿಸಿಕೊಂಡು ಹೋದೆ. ಮಾವ ಒಂದು ಕೈಯಲ್ಲಿ ಮಸೂರ, ಇನ್ನೊಂದು ಕೈಯಲ್ಲಿ ಭರಣಿ ಹಿಡಿದು ಸುತ್ತ ನಿಂತ ಜನರ ನಡುವೆ ಬೆವರುತ್ತಿದ್ದರು.

ಅತ್ತೆ ಮೊದಲು ಜನರೆದುರಿಗೆ ಮಾವನಿಗೆ ಚೆನ್ನಾಗಿ ಬೈದರು. ಊರಿನವರು ತಮಗೆ ಬೈಯಲು ಏನೂ ಉಳಿಯದೆ ಚದುರಿದರು. ಆಮೇಲೆ ಅತ್ತೆ ಭರಣಿಯನ್ನು ಅಜ್ಜಿಯ ಮುಂದಿಟ್ಟು ಪಕ್ಕದಲ್ಲಿ ಕೂತರು. ಇಬ್ಬರೂ ಎಲೆ ಅಡಿಕೆ ಹಾಕಿಕೊಂಡರು. ಮಾವ ಮಸೂರ ಹಿಡಿದು ಕಾಣದ್ದೆಲ್ಲ ಅತ್ತೆಗೆ ಒಂದು ತಾಂಬೂಲದಲ್ಲಿ ಸಿಕ್ಕಿತು.

ಅಜ್ಜಿಯ ಅಪ್ಪನ ಹೆಸರು ಕೆಂಚ. ಊರಿನ ದೊಡ್ಡ ಗೌಡರ ಮನೆಯಲ್ಲಿ ಜೀತಕ್ಕಿದ್ದವನು. ಗೌಡರ ಒಂದು ಜೊತೆ ಹೋರಿಗಳನ್ನು ಕರುವಿನಿಂದ ಸಾಕಿ, ಪ್ರದರ್ಶನಕ್ಕೆ ನಡೆಸಿಕೊಂಡು ಹೋದವನೂ ಅವನೇ. ಪದಕ ಬಂತು. ಅದನ್ನು ಗೌಡರೇ ತನಗೆ ಕೊಟ್ಟರು ಎಂದು ಹೇಳುತ್ತಿದ್ದ. ಮಗಳ ಮದುವೆಯಲ್ಲಿ, ಬೆಳ್ಳಿ ಸವೆಯದಿರಲೆಂದು ಅಕ್ಕಸಾಲಿಗನಿಂದ ಅಂಚು, ಬೆನ್ನು ಎರಡೂ ಮುಚ್ಚುವಂತೆ ತಾಮ್ರದ ತಗಡು ಕಟ್ಟಿಸಿ ಅವಳ ಕೊರಳಿಗೆ ಹಾಕಿದ. ಆಮೇಲೆ ಗೌಡರು ತೀರಿಕೊಂಡರು, ಕೆಂಚನೂ ಹೋದ. ಜೀತದಾಳಿನ ಮಗಳ ಕೊರಳಲ್ಲಿ ಬೆಳ್ಳಿ ಪದಕ ಎಲ್ಲಿಂದ ಬಂತು ಎಂಬ ಮಾತು ಮೊದಲು ಗೌಡರ ಮನೆಯಲ್ಲೇ ಹುಟ್ಟಿತು. ಕದ್ದದ್ದು ಎಂದು ಊರೇ ತೀರ್ಮಾನ ಮಾಡಿತು. ಅಜ್ಜಿ ಅದನ್ನು ಒಂದು ದಿನವೂ ತೆಗೆಯಲಿಲ್ಲ. ತೆಗೆದರೆ ಒಪ್ಪಿಕೊಂಡ ಹಾಗಲ್ಲವೇ? ಈಗ ಮೊಮ್ಮಗಳ ಮದುವೆ ಗೊತ್ತಾಗಿತ್ತು, ಪದಕ ಅವಳಿಗೆ ಸೇರಬೇಕು.

"ನನ್ ಕೊಳ್ಳಲ್ಲಿದ್ರೆ ಮಾತು ನನ್ಗೇ ತಾಗ್ತದೆ ಕಣವ್ವ, ತಡ್ಕಂಡಿದೀನಿ" ಎಂದರಂತೆ ಅಜ್ಜಿ. "ಆ ಮಗೀನ ಕೊಳ್ಗೆ ಹಾಕಿ ಕಳಿಸ್ಲಾ, ಬ್ಯಾಡ್ವಾ?"

ತಗಡು ಬಿಚ್ಚಿಸಿದರೆ ಅಂಚಿನ ಮೇಲೆ ಹೆಸರಿರುತ್ತದೆ ಎಂದು ಮಾವ ಹಿಂದುಮುಂದು ಯೋಚಿಸದೆ ಹೇಳಿದ್ದೇ ತಡ, ಅಜ್ಜಿ ಪದಕವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬೇಡವೇ ಬೇಡ ಎಂದುಬಿಟ್ಟರು. ನಾವು ಹಿಂತಿರುಗಿದೆವು. ಒಂದು ವಾರ ಕಳೆದ ಮೇಲೆ ಆ ಮೊಮ್ಮಗಳು ಅತ್ತೆಗೆ ಫೋನ್ ಮಾಡಿದಳು. ಅಜ್ಜಿ ಒಪ್ಪಿದ್ದಾರೆ, ಆ ಮಸೂರದವರು ಸುಳ್ಳು ಹೇಳುವುದಿಲ್ಲವಂತಲ್ಲ, ಅವರೇ ನೋಡಿ ಹೇಳಲಿ ಎಂದಿದ್ದಾರೆ.

ಕುಣಿದಾಡಬೇಕಿದ್ದ ಮಾವ ಅಂದು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಕೈತೊಳೆದರು. ಏಕೆಂದರೆ ಅವರಿಗೆ ಆ ಪ್ರದರ್ಶನಗಳ ಕ್ರಮ ಗೊತ್ತಿತ್ತು. ಅಂಚಿನ ಮೇಲೆ ಕೊರೆಯುತ್ತಿದ್ದದ್ದು ದನದ ಒಡೆಯನ ಹೆಸರನ್ನೇ ಹೊರತು ಸಾಕಿದವನ ಹೆಸರನ್ನಲ್ಲ. ಬಿಚ್ಚಿದರೆ ಕಾಣುವುದು ಗೌಡರ ಹೆಸರೇ. ಅತ್ತೆ ಮೆಲ್ಲಗೆ, "ಒಂದು ಸುಳ್ಳು ಟಿಕೆಟ್ ತಾನೆ, ಹರಿದ್ಬುಡಿ ಅತ್ಲಾಗೆ" ಎಂದರು. ಮಾವ ನೋಟ್‌ಬುಕ್ ತೆಗೆದು ಹಾಳೆ ತಿರುವತೊಡಗಿದರು. ಅಷ್ಟು ಸಂಕಟದಲ್ಲಿ ನಾನು ಅವರನ್ನು ನೋಡಿದ್ದೇ ಇಲ್ಲ. ಅವತ್ತು ಮೊದಲ ಬಾರಿಗೆ ನನಗೆ ಅವರ ಹುಚ್ಚಿನ ಬಗ್ಗೆ ನಗು ಬರಲಿಲ್ಲ.

ಹುಣಸೂರಿನ ಪೇಟೆಯಲ್ಲಿ ಮಾವನಿಗೆ ಪರಿಚಯದ ಅಕ್ಕಸಾಲಿಗರ ಅಂಗಡಿ. ಅಜ್ಜಿ, ಅತ್ತೆ, ಮಾವ, ನಾನು ಸಾಲಾಗಿ ಕೂತೆವು. ಪದಕ ಕೈಬಿಟ್ಟಾಗಿನಿಂದ ಅಜ್ಜಿ ಖಾಲಿ ಕೊರಳನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತಲೇ ಇದ್ದರು. ಅಕ್ಕಸಾಲಿಗರು ಬಿಸಿ ಮಾಡಿ, ಚಿಮಟದಲ್ಲಿ ಎಳೆದು, ತಾಮ್ರದ ತಗಡನ್ನು ಸುಲಿದು ತೆಗೆದರು. ಮಾವ ಅಂಚನ್ನು ತಿರುಗಿಸುತ್ತಾ ಟಾರ್ಚು ಓರೆ ಹಿಡಿದು ಓದಿದರು. ಒಂದು ಸುತ್ತು ಸಾಲದೆ ಎರಡು ಸುತ್ತು ಓದಿದರು.

"ಯಾರೆಸ್ರೈತಪ್ಪ?" ಎಂದರು ಅಜ್ಜಿ.

ಮಾವ ಮಸೂರ ಕೆಳಗಿಟ್ಟರು. ಕೊನೆಯ ಸೀಟಿನವರೆಗೂ ಕೇಳಿಸುತ್ತಿದ್ದ ದನಿಯನ್ನು ಪಕ್ಕದ ಸೀಟಿಗಷ್ಟೇ ಸಾಕಾಗುವಷ್ಟು ಇಳಿಸಿದರು. "ಗೌಡ್ರ ಹೆಸ್ರು ಕಣಮ್ಮ" ಎಂದರು.

ಅಜ್ಜಿ ಅಳಲಿಲ್ಲ. ಆಗಲಿ ಬುಡು ಎಂದು ಕೈ ಚಾಚಿದರು. ನನಗೆ ಮಾವನ ಮೇಲೆ ಅವತ್ತು ಬಂದಷ್ಟು ಕೋಪ ಯಾವತ್ತೂ ಬಂದಿಲ್ಲ. ಅತ್ತೆ ಪದಕ ತೆಗೆದು ಅಜ್ಜಿಗೆ ಕೊಡಲು ಹೋದವರು ಹಾಗೇ ನಿಂತರು. ಅವರ ಹೆಬ್ಬೆರಳು ಮಸಿಗಟ್ಟಿದ ಬೆನ್ನಿನ ಮೇಲೆ ಹೋಯಿತು, ಮತ್ತೆ ಹಿಂದೆ ಬಂತು. ಎರವಲು ಪಾತ್ರೆಯ ಮೇಲೆ ಆಡುವ ಹಾಗೆಯೇ ಆಡಿತು.

"ರೀ, ಇಲ್ಲಿ ಚುಕ್ಕಿ ಅವೆ ನೋಡ್ರಿ" ಎಂದರು.

ಮಾವ ಕಾಗದ ಹಾಸಿ ಪೆನ್ಸಿಲ್ ಉಜ್ಜಿದರು. ಕಪ್ಪಾದ ಕಾಗದದ ಮೇಲೆ ಬಿಳಿಯ ಚುಕ್ಕಿಗಳು ಎದ್ದವು, ಚುಕ್ಕಿಗಳು ಕೂಡಿ ಕನ್ನಡ ಅಕ್ಷರಗಳಾದವು. ಪಾತ್ರೆಗೆ ಹೆಸರು ಹಾಕುವವನು ಯಾರೋ ಕೊರೆದದ್ದು: ಹೋರಿ ಸಾಕಿದ ಕೆಂಚನಿಗೆ ಕೊಟ್ಟದ್ದು. ಅದರ ಕೆಳಗೆ ಚುಕ್ಕಿಗಳಲ್ಲೇ ಬಿಡಿಸಿದ ಒಂದು ಪುಟ್ಟ ದೀಪ.

ಮಾವ ಅದನ್ನು ಗಟ್ಟಿಯಾಗಿ ಓದಿದರು. ಅಜ್ಜಿಗೆ ಓದು ಬಾರದು. ಅತ್ತೆ ಅವರ ತೋರುಬೆರಳನ್ನು ಹಿಡಿದು ಆ ಚುಕ್ಕಿಗಳ ಮೇಲೆ ನಿಧಾನವಾಗಿ ಎಳೆದರು. "ಇದೇ ನಮ್ಮಪ್ಪನ ಎಸ್ರಾ?" ಎಂದು ಅಜ್ಜಿ ಕೇಳಿದರು. ಹೌದು ಎಂದ ಮೇಲೂ ಬೆರಳು ತೆಗೆಯಲಿಲ್ಲ. ಎದುರಿಗೆ ಕೂತಿದ್ದ ಅಕ್ಕಸಾಲಿಗರು ಕಾರಣವಿಲ್ಲದೆ ತಮ್ಮ ತಕ್ಕಡಿಯನ್ನು ಒರೆಸತೊಡಗಿದರು.

ಇಷ್ಟಕ್ಕೆ ಸುಮ್ಮನಿದ್ದರೆ ಅದು ನಮ್ಮ ಮಾವನೇ? ಕಣ್ಣೊರೆಸಿಕೊಂಡು ಒಂದು ನಿಮಿಷವೂ ಆಗಿಲ್ಲ, ಚುಕ್ಕಿಯನ್ನು ಯಾರು ಬೇಕಾದರೂ ಹಾಕಿಸಬಹುದು, ಇದು ಸಾಕ್ಷಿಯಲ್ಲ ಎಂದುಬಿಟ್ಟರು! ಅತ್ತೆ ಅವರನ್ನು ಸುಡುವ ಹಾಗೆ ನೋಡಿದರು. ನೋಡಿದವರೇ ಒಂದು ಗಳಿಗೆ ಯೋಚಿಸಿ, ಆ ದೀಪ ಪಾತ್ರೆಗಳಿಗೆ ಹಾಕಿಸುವ ಮನೆಗುರುತಿನ ಹಾಗಿದೆ, ಗೌಡರ ಮನೆಯ ಹಳೇ ಪಾತ್ರೆ ನೋಡಿದರೆ ಗೊತ್ತಾಗುತ್ತದೆ ಎಂದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಗಂಡ ಹೆಂಡತಿ ಪದಕದ ವಿಷಯದಲ್ಲಿ ಒಂದಾಗಿದ್ದು ಅದೇ ಮೊದಲು.

ಕಾರು ಅಂಗಡಿಯಿಂದ ದೊಡ್ಡ ಗೌಡರ ಮನೆಗೆ ಹೋಯಿತು. ಈಗಿನ ಯಜಮಾನ ಅವರ ಮೊಮ್ಮಗ. ಅಜ್ಜಿ ಕಾರಿನಿಂದ ಇಳಿಯಲು ಒಪ್ಪಲಿಲ್ಲ. ನಾವು ವಿಷಯ ಹೇಳಿ, ನಿಮ್ಮ ಮನೆಯ ಹಳೆಯ ಕೊಪ್ಪರಿಗೆ ಇದ್ದರೆ ತೋರಿಸಿ ಎಂದು ಕೇಳಿದೆವು. ಅವರು ಮುಖ ಗಂಟಿಕ್ಕಿಕೊಂಡೇ ಅಟ್ಟದಿಂದ ಅದನ್ನು ಇಳಿಸಿದರು. ಅತ್ತೆ ಕಂಠದ ಕೆಳಗೆ ಕೈಯಾಡಿಸಿ, ಇಗೋ ಎಂದರು. ಅದೇ ದೀಪ. ಮಾವ ಪೆನ್ಸಿಲ್ ಅಚ್ಚನ್ನು ಪಕ್ಕದಲ್ಲಿ ಹಿಡಿದು ಚುಕ್ಕಿಗಳನ್ನು ಎಣಿಸಿದರು. ಎರಡರಲ್ಲೂ ಒಂದೇ ಲೆಕ್ಕ.

ಆ ಯಜಮಾನರು ಕಾಗದವನ್ನು ಎರಡು ಸಲ ಓದಿದರು. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಕಾರಿನ ಹತ್ತಿರ ಬಂದು ಕಿಟಕಿಗೆ ಬಗ್ಗಿದರು. "ಗುರ್ತು ನಮ್ದೇ ಕಣಜ್ಜಿ. ತಪ್ಪು ನಮ್ಮದು. ಇನ್ಮೇಲೆ ಆ ಮಾತು ನಮ್ಮನೇಲಿ ಬರಾಕಿಲ್ಲ" ಎಂದರು.

ಅಂದು ಸಂಜೆ ಮಾವ ನೋಟ್‌ಬುಕ್ಕಿನಲ್ಲಿ ಆ ಪದಕದ ವಿವರ ಬರೆದರು. ಹತ್ತಿದ ಸ್ಥಳ, ದನಗಳ ಪ್ರದರ್ಶನ. ಇಳಿದ ಸ್ಥಳ, ಕೆಂಚನ ಮನೆ. ಲಗೇಜು ಎಂಬಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ಕೂತು, ಕೊನೆಗೆ "ಇಳಿಸಿದೆ" ಎಂದು ಬರೆದರು.

ಮದುವೆಗೆ ನಾವೆಲ್ಲ ಹೋದೆವು. ಅತ್ತೆ ಹೆಸರು ಹಾಕಿಸಿದ ಒಂದು ದೊಡ್ಡ ತಪ್ಪಲೆ ಉಡುಗೊರೆ ಕೊಟ್ಟರು. ಆ ಹನ್ನೆರಡನೆಯ ಮನೆಯವರು ನಮ್ಮನ್ನು ಹೊರಗೆ ಹಾಕುವುದಿರಲಿ, ಎರಡು ಪಂಕ್ತಿ ಊಟ ಮುಗಿದರೂ ಹೊರಡಲೇ ಬಿಡಲಿಲ್ಲ. ತಾಮ್ರದ ತಗಡು ಕಳಚಿದ ಪದಕ ಮದುಮಗಳ ಕೊರಳಲ್ಲಿತ್ತು. ಅಜ್ಜಿಯೇ ಕೈಯಾರೆ ಹಾಕಿದ್ದರು. ಹೋರಿಯ ಚಿತ್ರ ಒಳಗೆ, ಚುಕ್ಕಿಗಳಿದ್ದ ಬೆನ್ನು ಹೊರಗೆ. ಗಂಡಿನ ಕಡೆಯ ಒಬ್ಬ ಹೆಂಗಸು ಅದನ್ನು ಕಂಡು, ಅಯ್ಯೋ, ಪದಕ ತಿರುಗಿಹೋಗಿದೆ ಎನ್ನುತ್ತಾ ಸರಿಮಾಡಲು ಕೈ ಚಾಚಿದರು. ಮಾವ ಪಕ್ಕದಲ್ಲೇ ಇದ್ದರು. ಇನ್ನು ಇವರೂ ಶುರು ಮಾಡುತ್ತಾರೆ ಎಂದು ನಾನೂ ಅತ್ತೆಯೂ ಕಣ್ಣು ಮುಚ್ಚಿಕೊಂಡೆವು.

"ಬುಡಿ ತಾಯಿ, ಸರಿಯಾಗೇ ಐತೆ" ಎಂದರು ಮಾವ. "ಅದೇ ಮುಖ."